ಹಾರರ್ ಸಿನಿಮಾದಲ್ಲಿ ಪೆಟ್ಟು ಯಾರಿಗೆ ಬೀಳುತ್ತದೆ?

(ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿ ಅಲ್ಲಲ್ಲಿ ಹಾಗೇ ಉಳಿದಿದೆ.)

ಎಲ್ಲರಿಗೂ ನಮಸ್ಕಾರ.

ಹಾರರ್ ಸಿನಿಮಾ ಬಗ್ಗೆ ಮಾತು ಶುರುವಾದರೆ ಒಂದು ದೂರು ಬಂದೇ ಬರುತ್ತದೆ. "ಹಳೇ ಕಾಲದ ಹಾರರ್ ಎಷ್ಟು ಚೆನ್ನಾಗಿತ್ತು ನೋಡಿ, ಒಂದು ಹನಿ ರಕ್ತ ಇಲ್ಲದೆ ಹೆದರಿಸುತ್ತಿದ್ದರು. ಈಗ ಬರೀ ಕೊಚ್ಚೋದು, ಕಡಿಯೋದು." ಹೀಗೆ ಹೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈ ಮಾತಿನಲ್ಲಿ ಅರ್ಧ ಸುಳ್ಳು, ಇನ್ನರ್ಧ ಅವಸರದ ತೀರ್ಪು.

ಹಳೇ ಸಿನಿಮಾಗಳು ಅಷ್ಟೇನೂ ಸಾಧು ಆಗಿರಲಿಲ್ಲ. 1931ರಲ್ಲಿ ಜೇಮ್ಸ್ ವೇಲ್ ತೆಗೆದ 'ಫ್ರಾಂಕನ್‌ಸ್ಟೈನ್' ತಗೊಳ್ಳಿ. ಫ್ರಾಂಕನ್‌ಸ್ಟೈನ್ ಅನ್ನುವ ವಿಜ್ಞಾನಿ ಹೆಣಗಳ ತುಂಡು ಜೋಡಿಸಿ ಒಬ್ಬ ರಾಕ್ಷಸನಿಗೆ ಜೀವ ಕೊಡುವ ಕಥೆ. ಶುರುವಾಗುವುದೇ ಸ್ಮಶಾನದಲ್ಲಿ. ಹೂತವರು ಬೆನ್ನು ತಿರುಗಿಸಿದ ಕೂಡಲೇ ಇಬ್ಬರು ಬಂದು ಹೆಣ ಅಗೆದು ತೆಗೆಯುತ್ತಾರೆ. ಆಮೇಲೆ ನೇಣುಗಂಬದಿಂದ ಇನ್ನೊಂದು ಹೆಣ ಇಳಿಸುತ್ತಾರೆ. ಕಾಲೇಜಿಗೆ ನುಗ್ಗಿ ಮೆದುಳು ಕದಿಯುತ್ತಾರೆ. ಮುಂದೆ ಒಬ್ಬ ನೇತಾಡಿ ಸಾಯುತ್ತಾನೆ. ಒಬ್ಬ ಪ್ರೊಫೆಸರ್ ಕುತ್ತಿಗೆ ಹಿಸುಕಿಸಿಕೊಂಡು ಸಾಯುತ್ತಾನೆ. ಒಂದು ಮಗು ಕೆರೆಯಲ್ಲಿ ಮುಳುಗುತ್ತದೆ. ಕೊನೆಗೆ ಊರಿಗೆ ಊರೇ ಪಂಜು ಹಿಡಿದು ಬಂದು ಒಂದು ವಿಂಡ್‌ಮಿಲ್‌ಗೆ ಬೆಂಕಿ ಇಡುತ್ತದೆ. ಇಷ್ಟೆಲ್ಲಾ ಸುಮಾರು ಎಪ್ಪತ್ತು ನಿಮಿಷದಲ್ಲಿ. ಇದನ್ನು ಯಾರು ಸಾಧು ಸಿನಿಮಾ ಅಂತಾರೆ?

ಹಾಗಾಗಿ ರಕ್ತ ಎಷ್ಟು ಲೀಟರ್ ಹರಿಯಿತು ಅಂತ ಅಳೆಯುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಅದರ ಬದಲು ಒಂದನ್ನೇ ಗಮನಿಸುತ್ತೇನೆ. ಪೆಟ್ಟು ಬಿದ್ದ ಮೇಲೆ ಕ್ಯಾಮೆರಾ ಯಾರ ಹತ್ತಿರ ನಿಲ್ಲುತ್ತದೆ? ಎಷ್ಟು ಹೊತ್ತು ನಿಲ್ಲುತ್ತದೆ? ಒಳ್ಳೇ ಹಾರರ್ ಯಾವುದು, ಸುಮ್ನೆ ಹೊಟ್ಟೆ ತೊಳಸುವಂತೆ ಮಾಡುವುದು ಯಾವುದು ಅಂತ ನನಗೆ ಗೊತ್ತಾಗುವುದು ಅಲ್ಲಿ.

ಆ ರಾಕ್ಷಸ ಮೊದಲ ಸಲ ಪರದೆಗೆ ಬರುವ ಜಾಗ ನೋಡಿ. ಬಾಗಿಲು ತೆರೆಯುತ್ತದೆ. ಅವನು ಬರುವುದು ಹಿಮ್ಮುಖವಾಗಿ. ಮೊದಲು ಕಾಣುವುದು ಬೆನ್ನು. ನಿಧಾನಕ್ಕೆ ತಿರುಗುತ್ತಾನೆ. ಆಗ ವೇಲ್ ಮೂರು ಶಾಟ್ ಇಡುತ್ತಾನೆ, ಒಂದಕ್ಕಿಂತ ಒಂದು ಹತ್ತಿರ. ಕೊನೆಯದರಲ್ಲಿ ಬರೀ ಮುಖ. ಭಾರದ ರೆಪ್ಪೆ, ಒಳಗೆ ಹೋದ ಕೆನ್ನೆ. ಮೇಕಪ್ ಮಾಡಿದವನು ಜ್ಯಾಕ್ ಪಿಯರ್ಸ್. ಆ ಕೆನ್ನೆಯ ಗುಂಡಿ ಮಾತ್ರ ರಾಕ್ಷಸನಾಗಿ ನಟಿಸಿದ ಬೋರಿಸ್ ಕಾರ್ಲಾಫ್‌ನ ಸ್ವಂತದ್ದು. ಬಾಯಲ್ಲಿದ್ದ ಕಟ್ಟಿಸಿದ ಹಲ್ಲನ್ನು ತೆಗೆದಿಟ್ಟು ನಟಿಸಿದ. ಆಗ ಅವನಿಗೆ ವಯಸ್ಸು 43. ಸಿನಿಮಾದ ಆರಂಭದ ಪಾತ್ರಪಟ್ಟಿಯಲ್ಲಿ ರಾಕ್ಷಸನ ಮುಂದೆ ಅವನ ಹೆಸರೂ ಇಲ್ಲ, ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ ಅಷ್ಟೆ.

ಅಲ್ಲಿಯವರೆಗೂ ನಾವು ಹೆದರಿದ್ದೇವೆ. ಆಮೇಲೆ ಏನಾಗುತ್ತದೆ? ಫ್ರಾಂಕನ್‌ಸ್ಟೈನ್ ಮೇಲಿನ ಕಿಂಡಿ ತೆರೆಯುತ್ತಾನೆ. ಬೆಳಕು ಬೀಳುತ್ತದೆ. ರಾಕ್ಷಸ ತಲೆ ಎತ್ತಿ ಎದ್ದು ನಿಂತು ಎರಡೂ ಕೈ ಬೆಳಕಿನ ಕಡೆ ಚಾಚುತ್ತಾನೆ, ಅದನ್ನು ಹಿಡಿಯಬಹುದು ಅನ್ನುವ ಹಾಗೆ. ಕಿಂಡಿ ಮುಚ್ಚುತ್ತಾರೆ. ಅವನು ಕೈ ಒಡ್ಡಿ ಬೇಡುತ್ತಾನೆ. ಅಷ್ಟರಲ್ಲಿ ಸಹಾಯಕ ಫ್ರಿಟ್ಜ್ ಉರಿಯುವ ಪಂಜು ಹಿಡಿದು ನುಗ್ಗುತ್ತಾನೆ. ರಾಕ್ಷಸ ಕಿರುಚಿಕೊಂಡರೆ ಎಲ್ಲರೂ ಸೇರಿ ಹೊಡೆದು, ಕೆಡವಿ, ಸರಪಳಿ ಹಾಕುತ್ತಾರೆ. ಆಮೇಲೂ ಫ್ರಿಟ್ಜ್ ಚಾವಟಿ, ಪಂಜು ಹಿಡಿದು ಅವನನ್ನು ಗೋಳು ಹೊಯ್ದುಕೊಳ್ಳುತ್ತಾನೆ.

ಅಂದರೆ ರಾಕ್ಷಸ ಯಾರ ಮೇಲೂ ಕೈ ಎತ್ತುವ ಮೊದಲೇ ಅವನಿಗೆ ಪೆಟ್ಟು ಬಿದ್ದಾಯಿತು. ಅವನು ಫ್ರಿಟ್ಜ್‌ನನ್ನು ಕೊಂದಾಗ ನನಗೆ ಪ್ರಾಮಾಣಿಕವಾಗಿ "ಪಾಪ ಫ್ರಿಟ್ಜ್" ಅಂತ ಅನ್ನಿಸುವುದೇ ಇಲ್ಲ. ಅನ್ನಿಸಬೇಕಿತ್ತು, ಅಲ್ವಾ? ಅಲ್ಲೇ ಸಿನಿಮಾ ನಮ್ಮನ್ನು ಸಿಕ್ಕಿಹಾಕಿಸುತ್ತದೆ.

ಈಗ ಕೆರೆಯ ದೃಶ್ಯಕ್ಕೆ ಬರುತ್ತೇನೆ. ಸಿನಿಮಾದಲ್ಲಿ ಹಿಂಸೆ, ಸೆನ್ಸಾರ್ ಅಂತ ಯಾರು ವಾದಕ್ಕೆ ಬಂದರೂ ನಾನು ಎಳೆದು ತರುವುದು ಇದನ್ನೇ.

ಮಾರಿಯಾ ಅನ್ನುವ ಪುಟ್ಟ ಹುಡುಗಿ ಕೆರೆ ದಂಡೆಯಲ್ಲಿ ಒಬ್ಬಳೇ ಆಡುತ್ತಿರುತ್ತಾಳೆ. ರಾಕ್ಷಸ ಪೊದೆಯಿಂದ ಹೊರಗೆ ಬರುತ್ತಾನೆ. ಇಡೀ ಸಿನಿಮಾದಲ್ಲಿ ಅವನನ್ನು ಕಂಡು ಹೆದರದವಳು ಇವಳೊಬ್ಬಳೇ. ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸಿಕೊಳ್ಳುತ್ತಾಳೆ. ಕೈಗೆ ಹೂವು ಕೊಡುತ್ತಾಳೆ. ಒಂದೊಂದೇ ಹೂವು ನೀರಿಗೆ ಎಸೆದು, ದೋಣಿ ಹಾಗೆ ತೇಲುತ್ತದೆ ನೋಡು ಅಂತ ತೋರಿಸುತ್ತಾಳೆ. ಅವನೂ ಎಸೆಯುತ್ತಾನೆ. ನಗುತ್ತಾನೆ. ಹೂವು ಖಾಲಿಯಾಗುತ್ತದೆ. ಖಾಲಿ ಕೈ ನೋಡಿಕೊಳ್ಳುತ್ತಾನೆ. ಆಮೇಲೆ ಮಾರಿಯಾಳನ್ನೇ ಎತ್ತಿ ನೀರಿಗೆ ಹಾಕುತ್ತಾನೆ, ಇವಳೂ ತೇಲುತ್ತಾಳೆ ಅಂದುಕೊಂಡು. ಅವಳು ಮುಳುಗುತ್ತಾಳೆ. ಅವನಿಗೆ ದಿಕ್ಕೇ ತೋಚುವುದಿಲ್ಲ. ತಡಬಡಿಸಿಕೊಂಡು ಓಡಿಹೋಗುತ್ತಾನೆ.

ಮಗು ಸಾಯುವುದನ್ನು ತೋರಿಸಬಾರದು ಅಂತ ಇದಕ್ಕೆ ಕತ್ತರಿ ಬಿತ್ತು. ಹಲವು ದಶಕ ಜನ ನೋಡಿದ್ದು ಕತ್ತರಿಸಿದ ಪ್ರತಿಯನ್ನೇ. ಎಸೆಯುವ ತುಂಡು ವಾಪಸ್ ಸೇರಿದ್ದು 1980ರ ದಶಕದಲ್ಲಿ. ಕತ್ತರಿಸಿದ ಪ್ರತಿಯಲ್ಲಿ ಏನಿತ್ತು ಗೊತ್ತಾ? ರಾಕ್ಷಸ ನಗುತ್ತಾ ಹುಡುಗಿಯ ಕಡೆ ಕೈ ಚಾಚುತ್ತಾನೆ. ಅಲ್ಲಿಗೆ ಕಟ್. ಮುಂದೆ, ಮದುವೆಯ ಸಂಭ್ರಮದಲ್ಲಿರುವ ಊರ ಬೀದಿಯಲ್ಲಿ ಅಪ್ಪ ಮಗಳ ಹೆಣ ಎತ್ತಿಕೊಂಡು ನಡೆದು ಬರುತ್ತಾನೆ.

ಚಾಚಿದ ಕೈ, ಅದಾದ ಮೇಲೆ ಹೆಣ. ಮಧ್ಯೆ ಏನಾಯಿತು ಅಂತ ನೋಡುವವನು ತಾನೇ ಊಹಿಸಿಕೊಳ್ಳಬೇಕು. ಎಂಥೆಂಥ ಊಹೆ ಬಂದಿರಬಹುದು ಹೇಳಿ. ಒಂದು ಅನಾಹುತ ಅತ್ಯಂತ ಹೊಲಸು ಅಪರಾಧವಾಗಿ ಕಾಣತೊಡಗಿತು. ಹಿಂಸೆ ಕಡಿಮೆ ಮಾಡಲು ಹೋಗಿ ಜಾಸ್ತಿ ಮಾಡಿದರು. ಅವರು ಕತ್ತರಿಸಿದ್ದರಲ್ಲಿ ಮಗುವಿನ ಸಾವಿನ ಜೊತೆಗೆ ರಾಕ್ಷಸನ ಗಾಬರಿಯೂ ಹೋಯಿತು. ಆ ಗಾಬರಿ ಇಲ್ಲದಿದ್ದರೆ ಅವನು ಬರೀ ಮೃಗ. "ತೋರಿಸದಿದ್ದರೆ ಒಳ್ಳೆಯದು" ಅನ್ನುವುದು ಎಲ್ಲಾ ಕಡೆ ನಡೆಯುವ ಸೂತ್ರ ಅಲ್ಲ ಅಂತ ನಾನು ಹೇಳುವುದು ಇದಕ್ಕೇ.

ಅದೇ ವರ್ಷದ 'ಡ್ರಾಕುಲಾ' ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ರಕ್ತ ಹೀರುವ ಡ್ರಾಕುಲಾ ಆಗಿ ನಟಿಸಿದ ಬೆಲಾ ಲುಗೋಸಿಯ ಕಣ್ಣು, ಆ ಮಾತಿನ ಎಳೆತ, ಅದನ್ನೆಲ್ಲ ಬಿಟ್ಟರೆ ದ್ವಿತೀಯಾರ್ಧ ಜನ ಸೋಫಾ ಪಕ್ಕ ನಿಂತು ಮಾತಾಡುವ ನಾಟಕ. ಅಭಿಮಾನಿಗಳು ಕ್ಷಮಿಸಿ. ಲುಗೋಸಿಗೆ ಕೋರೆಹಲ್ಲೂ ಇಲ್ಲ, ಕಚ್ಚಿದ ಗಾಯವೂ ತೆರೆಯ ಮೇಲೆ ಕಾಣುವುದಿಲ್ಲ. ರಕ್ತ ಅಂತ ಕಾಣುವುದು ಒಬ್ಬನ ಬೆರಳಿಗೆ ಪೇಪರ್ ಕ್ಲಿಪ್ ಚುಚ್ಚಿದಾಗ, ಅಷ್ಟೆ. "ರಕ್ತ ಇಲ್ಲದ ಹಳೇ ಹಾರರ್" ಅಂತ ಹೊಗಳುವವರ ತಲೆಯಲ್ಲಿ ಇರುವುದು ಬಹುಶಃ ಇದೇ ಸಿನಿಮಾ. ನನ್ನ ಕೇಳಿದರೆ, ಸತ್ತವರ ಬಗ್ಗೆ ಅದಕ್ಕೆ ಅಂಥ ಚಿಂತೆಯೂ ಇಲ್ಲ. ಹಡಗಿನ ಸಿಬ್ಬಂದಿ ಅಷ್ಟೂ ಜನ ಸಾಯುತ್ತಾರೆ, ಕಥೆ ಮುಂದಕ್ಕೆ ಹೋಗುತ್ತದೆ. ರಕ್ತ ಇಲ್ಲದ ಮಾತ್ರಕ್ಕೆ ಕರುಣೆ ಇದೆ ಅಂತೇನೂ ಅಲ್ಲ.

ತೋಳಮಾನವನ ಕಥೆ ಬೇರೆ. 1941ರ 'ದಿ ವುಲ್ಫ್ ಮ್ಯಾನ್'. ಲಾನ್ ಚೇನಿ ಜೂನಿಯರ್ ಮಾಡಿದ ಲ್ಯಾರಿ ಅನ್ನುವ ಪಾತ್ರ. ಒಬ್ಬ ಹುಡುಗಿಯನ್ನು ತೋಳದಿಂದ ಉಳಿಸಲು ಹೋಗಿ ಕಚ್ಚಿಸಿಕೊಳ್ಳುತ್ತಾನೆ. ಅವನು ಮಾಡಿದ ತಪ್ಪು ಇಷ್ಟೇ, ಸಹಾಯಕ್ಕೆ ಓಡಿದ್ದು. ಆ ತೋಳವನ್ನು ಬೆಳ್ಳಿ ಹಿಡಿಯ ಕೋಲಿನಲ್ಲಿ ಬಡಿದು ಕೊಂದಿರುತ್ತಾನೆ. ಕೊನೆಗೆ ಅದೇ ಕೋಲನ್ನು ಅಪ್ಪನ ಕೈಗೆ ಕೊಟ್ಟು, ಇದು ನಿಮ್ಮ ಹತ್ತಿರ ಇರಲಿ ಅಂತ ಹಟ ಮಾಡುತ್ತಾನೆ. ಕಾಡಿನಲ್ಲಿ ಅಪ್ಪ ತೋಳಮಾನವನನ್ನು ಆ ಕೋಲಿನಲ್ಲೇ ಹೊಡೆದು ಸಾಯಿಸುತ್ತಾನೆ. ಆಮೇಲೆ ನೆಲದ ಮೇಲೆ ಬಿದ್ದ ಮುಖದಿಂದ ಕೂದಲು ಮಾಯವಾಗುತ್ತಾ ಬರುತ್ತದೆ, ಮಗನ ಮುಖ ಕಾಣುತ್ತದೆ. ಅಪ್ಪನಾಗಿ ನಟಿಸಿದ ಕ್ಲಾಡ್ ರೇನ್ಸ್ ಅಲ್ಲಿ ಒಂದು ಮಾತೂ ಆಡಬೇಕಾಗಿಲ್ಲ. ಎಷ್ಟು ರಕ್ತ ಸುರಿದರೂ ಈ ಏಟಿನ ಭಾರ ಬರುವುದಿಲ್ಲ.

ಅದನ್ನು ಬರೆದ ಕರ್ಟ್ ಸಿಯೋಡ್ಮಾಕ್ ಯಹೂದಿ. ನಾಜಿಗಳು ಅಧಿಕಾರಕ್ಕೆ ಬಂದಾಗ ಜರ್ಮನಿ ಬಿಟ್ಟು ಹೊರಟವನು. ಮುಂದಿನ ಬಲಿ ಯಾರು ಅನ್ನುವುದು ಅವರ ಅಂಗೈಯಲ್ಲಿ ಮೂಡುವ ನಕ್ಷತ್ರದಿಂದ ಲ್ಯಾರಿಗೆ ಗೊತ್ತಾಗುತ್ತದೆ. 1941ರಲ್ಲಿ ನಕ್ಷತ್ರದ ಗುರುತು ಯಾರ ಮೇಲೆ ಬೀಳುತ್ತಿತ್ತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲೊಂದು ಅಡ್ಡಮಾತು. ರಾಕ್ಷಸರ ನಿಯಮಗಳೆಲ್ಲ ಅಜ್ಜಿ ಕಥೆಯಿಂದ ಬಂದವು ಅಂತ ತುಂಬಾ ಜನ ನಂಬಿದ್ದಾರೆ. ಬಿಸಿಲು ಬಿದ್ದರೆ ವ್ಯಾಂಪೈರ್ ಸಾಯುತ್ತಾನೆ ಅನ್ನುವುದು 1922ರ ಮೂಕಿ ಚಿತ್ರ 'ನೊಸ್ಫೆರಾತು' ಕೊಟ್ಟ ನಿಯಮ. ಬ್ರಾಮ್ ಸ್ಟೋಕರ್ ಬರೆದ ಡ್ರಾಕುಲಾ ಹಗಲು ಹೊತ್ತಿನಲ್ಲೂ ಓಡಾಡುತ್ತಾನೆ, ಶಕ್ತಿ ಕಡಿಮೆ ಅಷ್ಟೆ. ತೋಳಮಾನವನಿಗೆ ಹುಣ್ಣಿಮೆಯ ಲೆಕ್ಕ ಗಟ್ಟಿಯಾಗಿದ್ದು 1943ರ ಮುಂದಿನ ಭಾಗದಲ್ಲಿ. ಸ್ಕ್ರಿಪ್ಟ್ ಬರೆಯುವವರು ಸಮಯಕ್ಕೆ ತಕ್ಕ ಹಾಗೆ ಸೇರಿಸಿದ್ದನ್ನು ನಾವು ಪುರಾಣ ಮಾಡಿಕೊಂಡಿದ್ದೇವೆ. ಹಾಗಾಗಿ ಹೊಸಬರು ನಿಯಮ ಮುರಿದರೆ ದಯವಿಟ್ಟು ಬೈಯಬೇಡಿ.

ಇನ್ನು ಬಣ್ಣ ಬಂತು. ಬ್ರಿಟನ್ನಿನ ಹ್ಯಾಮರ್ ಕಂಪನಿ 1957ರಲ್ಲಿ ಫ್ರಾಂಕನ್‌ಸ್ಟೈನ್ ಕಥೆಯನ್ನೂ 1958ರಲ್ಲಿ ಡ್ರಾಕುಲಾನನ್ನೂ ಕಲರ್‌ನಲ್ಲಿ ತೆಗೆಯಿತು. ಡ್ರಾಕುಲಾ ಆದ ಕ್ರಿಸ್ಟೋಫರ್ ಲೀ ಕೋರೆಹಲ್ಲು ಬಿಟ್ಟು, ಕೆಂಪು ಕಣ್ಣು ಮಾಡಿಕೊಂಡು, ಬಾಯಿ ತುಂಬಾ ರಕ್ತ ಮಾಡಿಕೊಂಡು ನಿಂತ. ಕೆಲವು ವಿಮರ್ಶಕರು ಅಸಹ್ಯ ಪಟ್ಟುಕೊಂಡರು, ಜನ ಟಿಕೆಟ್ ತಗೊಂಡರು. ನನಗೆ ಆ ಕೆಂಪು ಇಷ್ಟ. ಅದರಲ್ಲಿ ಒಂಥರಾ ಪೇಂಟ್ ಡಬ್ಬದ ಸಂತೋಷ ಇದೆ. ಹಿಂಸೆ ಅಂತ ಅದನ್ನು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಬಣ್ಣ ಇದ್ದೂ ಬೇಡ ಅಂದವನು ಹಿಚ್‌ಕಾಕ್. 1960ರ 'ಸೈಕೋ' ಕಪ್ಪು ಬಿಳುಪು. ಸ್ನಾನದ ಮನೆಯ ಕೊಲೆ ಎಲ್ಲರಿಗೂ ಗೊತ್ತು. ಮುಕ್ಕಾಲು ನಿಮಿಷದ ಆಸುಪಾಸು. ಹರಿಯುವುದು ಚಾಕಲೇಟ್ ಸಿರಪ್, ಚಾಕು ಇಳಿಯುವ ಸದ್ದು ಕರ್ಬೂಜದ ಹಣ್ಣಿನದು. ಮೊದಲು ಹಿಚ್‌ಕಾಕ್‌ಗೆ ಅಲ್ಲಿ ಸಂಗೀತವೇ ಬೇಡವಾಗಿತ್ತು. ಬರ್ನಾರ್ಡ್ ಹರ್ಮನ್ ಆ ಪಿಟೀಲಿನ ಕೀರಲು ಕೇಳಿಸಿದ ಮೇಲೆ ಮನಸ್ಸು ಬದಲಿಸಿದ. ಇದನ್ನೆಲ್ಲ ನೂರು ಕಡೆ ಹೇಳುತ್ತಾರೆ. ನಾನು ತೋರಿಸಬೇಕು ಅಂದುಕೊಂಡಿದ್ದು ಅದರ ಮುಂದಿನ ಭಾಗ.

ಕೊಲೆ ಮುಗಿದ ಮೇಲೆ ಆ ಲಾಡ್ಜ್ ನಡೆಸುವ ನಾರ್ಮನ್ ಬರುತ್ತಾನೆ. ಕ್ಲೀನ್ ಮಾಡಲು ಶುರು ಮಾಡುತ್ತಾನೆ. ಪರದೆ ಕಿತ್ತು ನೆಲಕ್ಕೆ ಹಾಸಿ ಹೆಣ ಅದರ ಮೇಲೆ ಎಳೆದು ಹಾಕುತ್ತಾನೆ. ಕೈ ತೊಳೆಯುತ್ತಾನೆ. ಟಬ್ ತೊಳೆಯುತ್ತಾನೆ, ನೆಲ ಒರೆಸುತ್ತಾನೆ. ಬಟ್ಟೆ ಬರೆ ಸೂಟ್‌ಕೇಸಿಗೆ ತುಂಬುತ್ತಾನೆ. ಎಲ್ಲವನ್ನೂ ಕಾರಿನ ಡಿಕ್ಕಿಗೆ ಹಾಕಿ ಕೆಸರಿನ ಹೊಂಡಕ್ಕೆ ತಳ್ಳುತ್ತಾನೆ. ಕೊಲೆಗಿಂತ ಈ ಕ್ಲೀನಿಂಗ್ ಎಷ್ಟೋ ಪಟ್ಟು ಉದ್ದ. ಮಾತಿಲ್ಲ. ಕಾರು ಅರ್ಧ ಮುಳುಗಿ ಒಂದು ಕ್ಷಣ ನಿಂತುಬಿಡುತ್ತದೆ. ಆಗ ನೋಡುತ್ತಾ ಕೂತ ನಾವು ಒಳಗೊಳಗೇ "ಮುಳುಗಪ್ಪಾ, ಮುಳುಗು" ಅಂದುಕೊಳ್ಳುತ್ತೇವೆ! ಅರ್ಧ ಗಂಟೆ ಹಿಂದೆ ನಾವು ಆ ಹೆಣದ ಪಕ್ಷದಲ್ಲಿದ್ದವರು. ನನ್ನನ್ನು ನಿಜಕ್ಕೂ ಕಂಗೆಡಿಸಿದ್ದು ಚಾಕು ಅಲ್ಲ, ಆ ಕ್ಷಣ. ಒಂದು ಸಾವಿನ ನಂತರ ಎಷ್ಟು ಕೆಲಸ ಇರುತ್ತದೆ ಅಂತ ಈ ಸಿನಿಮಾಗೆ ಗೊತ್ತು.

1968ರಲ್ಲಿ ಜಾರ್ಜ್ ರೊಮೆರೊ 'ನೈಟ್ ಆಫ್ ದಿ ಲಿವಿಂಗ್ ಡೆಡ್' ತೆಗೆದ. ಅಮೆರಿಕದಲ್ಲಿ ಸಿನಿಮಾಗಳಿಗೆ ವಯಸ್ಸಿನ ರೇಟಿಂಗ್ ಕೊಡುವ ಪದ್ಧತಿ ಜಾರಿಗೆ ಬಂದದ್ದು ಅದೇ ವರ್ಷ ನವೆಂಬರ್‌ನಲ್ಲಿ. ಈ ಸಿನಿಮಾ ಬಿಡುಗಡೆಯಾದದ್ದು ಅಕ್ಟೋಬರ್‌ನಲ್ಲಿ. ಹಾಗಾಗಿ ಮಕ್ಕಳೂ ಹೋಗಿ ಕೂತರು. ಸತ್ತವರು ಎದ್ದು ಬದುಕಿರುವವರನ್ನು ತಿನ್ನುವ ಕಥೆ. ಕರುಳು ಜಗಿಯುವುದನ್ನೂ ತೋರಿಸುತ್ತಾನೆ. ಆದರೆ ಕೊನೆ ನೆನಪಿಸಿಕೊಳ್ಳಿ. ಡುವೇನ್ ಜೋನ್ಸ್ ಮಾಡಿದ ಬೆನ್, ಕಪ್ಪು ಜನಾಂಗದವನು, ಇಡೀ ರಾತ್ರಿ ಹೋರಾಡಿ ಬದುಕಿ ಉಳಿದವನು ಅವನೊಬ್ಬನೇ. ಬೆಳಿಗ್ಗೆ ರಕ್ಷಣೆಗೆ ಬಂದವರು ಅವನನ್ನೂ ಹೆಣ ಅಂದುಕೊಂಡು ಹಣೆಗೆ ಗುಂಡು ಹೊಡೆಯುತ್ತಾರೆ. ಆಮೇಲೆ ಚಲನೆ ನಿಂತು ಬರೀ ಸ್ಟಿಲ್ ಫೋಟೋಗಳು, ಪತ್ರಿಕೆಯಲ್ಲಿ ಬರುವಂಥವು. ಬಂದೂಕು ಹಿಡಿದ ಗಂಡಸರು, ಮಾಂಸದ ಕೊಕ್ಕೆ, ಸೌದೆ ರಾಶಿ. ಆ ಫೋಟೋಗಳು ಸಿನಿಮಾದ ಹೊರಗಿನ ಜಗತ್ತಿನವು ಅನ್ನುವ ಹಾಗೆ ಕಾಣುತ್ತವೆ. ಅದರ ಮುಂದೆ ಕರುಳು ಜಗಿದಿದ್ದು ಏನೂ ಅಲ್ಲ.

ಇಲ್ಲಿ ಸಭೆಯಲ್ಲಿ ಒಬ್ಬರು ಕೈ ಎತ್ತಿ ಕೇಳಿದರು: "ಹಾಗಾದರೆ ರಕ್ತ ಮಾಂಸ ತೋರಿಸುವ ಸಿನಿಮಾಗಳ ಪರವೋ ವಿರೋಧವೋ ನೀವು?"

ಪರವೇ. 1986ರಲ್ಲಿ ಡೇವಿಡ್ ಕ್ರೋನೆನ್‌ಬರ್ಗ್ ತೆಗೆದ 'ದಿ ಫ್ಲೈ' ನೋಡಿ. ಊಟ ಮಾಡುತ್ತಾ ನೋಡಬೇಡಿ ಅಂತ ಮಾತ್ರ ಹೇಳುತ್ತೇನೆ. ಜೆಫ್ ಗೋಲ್ಡ್‌ಬ್ಲಮ್ ಮಾಡಿದ ವಿಜ್ಞಾನಿ ಪ್ರಯೋಗದಲ್ಲಿ ಒಂದು ನೊಣದ ಜೊತೆ ಬೆರೆತುಹೋಗುತ್ತಾನೆ, ಅವನ ಮೈ ಸ್ವಲ್ಪ ಸ್ವಲ್ಪವೇ ಉದುರುತ್ತದೆ. ಉಗುರು, ಹಲ್ಲು, ಕಿವಿ. ಉದುರಿದ್ದನ್ನು ಅವನು ಬಾತ್‌ರೂಮಿನ ಔಷಧಿ ಕಪಾಟಿನಲ್ಲಿ ಜೋಡಿಸಿಡುತ್ತಾನೆ, ಮ್ಯೂಸಿಯಂ ಅಂತ ತಾನೇ ತಮಾಷೆ ಮಾಡಿಕೊಳ್ಳುತ್ತಾನೆ. ದೀರ್ಘ ಕಾಯಿಲೆಯವರ ಜೊತೆ ಇದ್ದವರಿಗೆ ಆ ತಮಾಷೆಯ ಧ್ವನಿ ಪರಿಚಯ ಇರುತ್ತದೆ. ಕೊನೆಗೆ ಮನುಷ್ಯನದು ಅಂತ ಗುರುತು ಸಿಗುವಂಥದ್ದು ಏನೂ ಉಳಿದಿಲ್ಲ. ಆ ಪ್ರಾಣಿ ತೆವಳಿ ಬಂದು ಪ್ರೇಯಸಿಯ ಕೈಯಲ್ಲಿರುವ ಬಂದೂಕಿನ ನಳಿಗೆ ಹಿಡಿದು ತನ್ನ ತಲೆಗೇ ಇಟ್ಟುಕೊಳ್ಳುತ್ತದೆ. ಅಲ್ಲಿರುವುದು ಕಾರ್ಲಾಫ್‌ನ ರಾಕ್ಷಸನ ಖಾಸಾ ವಂಶಸ್ಥ. ಇಷ್ಟು ಅಸಹ್ಯ ತೋರಿಸದೆ ಇದ್ದಿದ್ದರೆ ಆ ಕೈ ಸನ್ನೆಗೆ ಬೆಲೆ ಇರುತ್ತಿರಲಿಲ್ಲ.

1974ರ 'ದಿ ಟೆಕ್ಸಸ್ ಚೈನ್ ಸಾ ಮ್ಯಾಸಕರ್' ಹೆಸರು ಕೇಳಿಯೇ ಜನ ಓಡುತ್ತಾರೆ. ಅದರಲ್ಲಿ ರಕ್ತ ಬಹಳ ಕಡಿಮೆ. ಮೃದು ರೇಟಿಂಗ್ ಸಿಗಲಿ ಅನ್ನುವ ಆಸೆಯಿಂದ ನಿರ್ದೇಶಕ ಟೋಬಿ ಹೂಪರ್ ಬೇಕಂತಲೇ ಹಿಡಿತದಲ್ಲಿಟ್ಟ. ಸಿಗಲಿಲ್ಲ ಅನ್ನುವುದು ಬೇರೆ ಮಾತು. ಕೊಕ್ಕೆ ಮೈಗೆ ಇಳಿಯುವುದನ್ನು ಕಣ್ಣಾರೆ ನೋಡಿದೆ ಅಂತ ಆಣೆ ಮಾಡುವವರಿದ್ದಾರೆ, ತೆರೆಯ ಮೇಲೆ ಅದು ಇಲ್ಲವೇ ಇಲ್ಲ. ನನ್ನ ಮಟ್ಟಿಗೆ ಅಲ್ಲಿನ ವಿಚಿತ್ರ ಶಾಟ್ ಇನ್ನೊಂದು. ಮೂರನೆಯವನನ್ನು ಕೊಂದ ಮೇಲೆ ಆ ಮುಖವಾಡದ ದೈತ್ಯ ಕಿಟಕಿಗೆ ಓಡಿ ಹೊರಗೆ ನೋಡುತ್ತಾನೆ. ಆಮೇಲೆ ಕುಸಿದು ಕೂತು ತಲೆ ಹಿಡಿದುಕೊಳ್ಳುತ್ತಾನೆ. ಒಬ್ಬರ ಹಿಂದೆ ಒಬ್ಬರು ಯಾರು ಇವರು, ನಮ್ಮ ಮನೆಗೆ ಯಾಕೆ ನುಗ್ಗುತ್ತಿದ್ದಾರೆ ಅಂತ ಅವನಿಗೇ ಭಯ!

ಹಾಗಂತ ನನ್ನ ಅಳತೆಗೋಲಿಗೆ ಎಲ್ಲವೂ ಸಿಗುವುದಿಲ್ಲ. ಜಾನ್ ಕಾರ್ಪೆಂಟರ್‌ನ 1978ರ 'ಹ್ಯಾಲೋವೀನ್' ತಗೊಂಡರೆ, ಕೊಲೆಗಾರನಿಗೆ ನೋವಿಲ್ಲ, ಕಾರಣವಿಲ್ಲ, ಮಾತಿಲ್ಲ. ಮುಖವಾಡ ಕೂಡ ಅಂಗಡಿಯಲ್ಲಿ ಸಿಗುವ, 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕ್ ಮುಖಕ್ಕೆ ಬಿಳಿ ಬಣ್ಣ ಬಳಿದಿದ್ದು. ಆದರೂ ಸಿನಿಮಾ ಕೆಲಸ ಮಾಡುತ್ತದೆ. ಒಂದು ಕಾರಣ, ಕಾರ್ಪೆಂಟರ್ ಕೊಲೆಗಿಂತ ಕಾಯುವುದಕ್ಕೆ ಜಾಸ್ತಿ ಸಮಯ ಕೊಟ್ಟ, ಕ್ಯಾಮೆರಾ ಲಾರಿ ಅನ್ನುವ ಹುಡುಗಿಯ ಜೊತೆ ಉಳಿಯಿತು. ಕೊನೆಯಲ್ಲಿ ಅವಳು ಮುಖವಾಡ ಎಳೆದಾಗ ಒಂದೇ ಕ್ಷಣ ಸಾಧಾರಣ ಹುಡುಗನ ಮುಖ ಕಾಣುತ್ತದೆ. ಅವನು ಕೊಲ್ಲುವುದನ್ನು ನಿಲ್ಲಿಸಿ ಮೊದಲು ಮುಖವಾಡ ಸರಿ ಮಾಡಿಕೊಳ್ಳುತ್ತಾನೆ. ಇದು ನನ್ನ ವಾದಕ್ಕೆ ಪೂರ್ತಿ ಒಗ್ಗುವುದಿಲ್ಲ. ಒಗ್ಗಿಸಲು ಒದ್ದಾಡುವುದೂ ಇಲ್ಲ.

ನನಗೆ ಹಿಡಿಸದೆ ಇರುವುದು ಆಮೇಲೆ ಬಂದ ಸಾಲು ಸಾಲು ಭಾಗಗಳು. ಹದಿಹರೆಯದವರನ್ನು ಸಾಲಾಗಿ ನಿಲ್ಲಿಸಿ, ಈ ಸಲ ಯಾವ ಆಯುಧ ಅನ್ನುವುದೊಂದೇ ಕುತೂಹಲ. ಸತ್ತವನ ಹೆಸರು ಮುಂದಿನ ದೃಶ್ಯದಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಅಳುವ ಅಪ್ಪ ಅಮ್ಮ ಇಲ್ಲ, ಹೂಳುವವರಿಲ್ಲ. 2000ದ ನಂತರ ಬಂದ ಚಿತ್ರಹಿಂಸೆಯ ಸಿನಿಮಾಗಳಲ್ಲಿ ಹೀರೋ ಯಾರು ಅಂದರೆ ಯಂತ್ರ. ಹಲ್ಲು ಚಕ್ರ ಹೇಗೆ ತಿರುಗುತ್ತದೆ ಅಂತ ತೋರಿಸುವಷ್ಟು ಪ್ರೀತಿ ಅದರಲ್ಲಿ ಸಿಕ್ಕಿಕೊಂಡ ಮನುಷ್ಯನ ಮೇಲೆ ಇಲ್ಲ. ಮೊದಲ ಒಂದೆರಡರಲ್ಲಿ ಚುರುಕು ಬುದ್ಧಿ ಇತ್ತು, ಒಪ್ಪುತ್ತೇನೆ. ಉಳಿದವನ್ನು ನಾನು ನೋಡುವುದು ಬಿಟ್ಟೆ. ಹೆದರಿಕೆಯಿಂದಲ್ಲ, ಬೇಜಾರಿನಿಂದ.

ಇದರ ತದ್ವಿರುದ್ಧದ ರೋಗವೂ ಇದೆ. ಹಳೇ ರಾಕ್ಷಸರನ್ನೆಲ್ಲ ತಂದು ಕಂಪ್ಯೂಟರ್‌ನಲ್ಲಿ ಹಾರಾಡಿಸಿ, ಆ್ಯಕ್ಷನ್ ಹೀರೋ ಮಾಡುವುದು. ಗೋಡೆಗೆ ಅಪ್ಪಳಿಸಿದರೂ ಎದ್ದು ನಿಲ್ಲುತ್ತಾನೆ. ಅವನಿಗೆ ನೋವೇ ಆಗದಿದ್ದರೆ ನಾನ್ಯಾಕೆ ನೋಡಲಿ? ರಾಕ್ಷಸರನ್ನು ನಗೆಪಾಟಲು ಮಾಡಿದರೂ ನನಗೆ ಬೇಸರ ಇಲ್ಲ. 1948ರಲ್ಲಿ ಅಬಟ್ ಮತ್ತು ಕಾಸ್ಟೆಲೊ ಹಾಸ್ಯ ಜೋಡಿಯ ಜೊತೆ ಈ ರಾಕ್ಷಸರನ್ನೆಲ್ಲ ಸೇರಿಸಿದರು. ಲುಗೋಸಿ ಮತ್ತೆ ಡ್ರಾಕುಲಾ ಆದ. ಅಲ್ಲೂ ಲಾನ್ ಚೇನಿ ತೋಳಮಾನವನ ಸಂಕಟವನ್ನು ಸ್ವಲ್ಪವೂ ತಮಾಷೆ ಮಾಡದೆ ನಟಿಸಿದ್ದಾನೆ. ಸುತ್ತ ಎಲ್ಲರೂ ಬಿದ್ದು ಎದ್ದು ನಗಿಸುತ್ತಿದ್ದರೆ ಅವನೊಬ್ಬ "ನನ್ನನ್ನು ರೂಮಿನಲ್ಲಿ ಕೂಡಿ ಹಾಕಿ" ಅಂತ ಬೇಡುತ್ತಿರುತ್ತಾನೆ.

ಕೊನೆಗೆ ಬಂದ ಪ್ರಶ್ನೆ, ಎಂದಿನಂತೆ, ಮಕ್ಕಳ ಬಗ್ಗೆ. ಇಂಥದ್ದು ನೋಡಿ ಹುಡುಗರು ಕೆಡುವುದಿಲ್ಲವೇ ಅಂತ. ಈ ಭಯ ಹೊಸದಲ್ಲ. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ವಿಡಿಯೋ ಕ್ಯಾಸೆಟ್ ಹಾರರ್ ಬಗ್ಗೆ ದೊಡ್ಡ ಗಲಾಟೆಯೇ ಆಗಿ 1984ರಲ್ಲಿ ಅದಕ್ಕೆಂದೇ ಕಾನೂನು ಬಂತು. ಆಗ ನಿಷೇಧಿಸಿದ ಎಷ್ಟೋ ಸಿನಿಮಾಗಳು ಇವತ್ತು ಡಿಸ್ಕ್‌ನಲ್ಲಿ ರಾಜಾರೋಷವಾಗಿ ಸಿಗುತ್ತವೆ. ಸಣ್ಣ ಮಕ್ಕಳಿಗೆ 'ದಿ ಫ್ಲೈ' ತೋರಿಸಿ ಅಂತ ನಾನು ಹೇಳುವುದಿಲ್ಲ. ರೇಟಿಂಗ್ ಇರುವುದು ಅದಕ್ಕೇ, ಅದನ್ನು ಪಾಲಿಸಿ. ಹತ್ತು ಹನ್ನೆರಡು ವಯಸ್ಸಿನವರಿಗೆ 1931ರ 'ಫ್ರಾಂಕನ್‌ಸ್ಟೈನ್' ತೋರಿಸಬಹುದು ಅಂತ ನನ್ನ ಅಭಿಪ್ರಾಯ, ಪಕ್ಕದಲ್ಲಿ ನೀವೂ ಕೂತು. ಕೆರೆಯ ದೃಶ್ಯ ಪೂರ್ತಿ ಇರುವ ಪ್ರತಿಯನ್ನೇ ಹುಡುಕಿ. ಅದು ಹಿಡಿಸಿದರೆ 1935ರ 'ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್', ಅದರಲ್ಲಿ ರಾಕ್ಷಸ ಮಾತು ಕಲಿಯುತ್ತಾನೆ, ಕುರುಡ ಮುದುಕನೊಬ್ಬನ ಮನೆಯಲ್ಲಿ ಕೂತು ರೊಟ್ಟಿ ತಿನ್ನುತ್ತಾನೆ. ಎರಡನೆಯದು ಮೊದಲನೆಯದಕ್ಕಿಂತ ಒಂದು ತೂಕ ಮೇಲು ಅಂತ ನನ್ನ ಲೆಕ್ಕ. ಜಗಳ ಆಡುವವರು ಎರಡನ್ನೂ ನೋಡಿಕೊಂಡು ಬನ್ನಿ.